ಮುನ್ಸೂಚನೆ ಇದೆ, ಆಮೇಲೆ ಏನಾಯ್ತು ಅಂತ ಬರೆದಿಟ್ಟವರು ಯಾರು?

ಮಳೆಗಾಲ ಹತ್ತಿರ ಬಂತು ಅಂದರೆ ಬೆಂಗಳೂರಲ್ಲಿ ಒಂದು ಮಾತು ಶುರುವಾಗುತ್ತದೆ. ಈ ಸಲ ಸೆನ್ಸರ್ ಇದೆ, ಎಐ ಇದೆ, ಎಲ್ಲಿ ನೀರು ನುಗ್ಗುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಟ್ರಾಫಿಕ್ ಬಗ್ಗೆಯೂ ಇದೇ ಮಾತು, ಬೇಸಿಗೆಯ ನೀರಿನ ಬಗ್ಗೆಯೂ ಇದೇ ಮಾತು. ಆಮೇಲೆ ಮಳೆ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆ ಕಡೆಯ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರಗೆ ಕರೆತಂದರು. 2025ರ ಮೇ ತಿಂಗಳಲ್ಲಿ ಹೊರಮಾವು ಹತ್ತಿರದ ಸಾಯಿ ಲೇಔಟ್ ಮುಳುಗಿತು.

ಸಾಯಿ ಲೇಔಟ್ ಮುಳುಗಬಹುದು ಅನ್ನುವುದು ಅಲ್ಲಿ ಮನೆ ಮಾಡಿದವರಿಗೆ ಹೊಸ ಸುದ್ದಿಯೇನಲ್ಲ. ಅಲ್ಲಿನ ರಾಜಕಾಲುವೆ ನೀರು ರೈಲು ಹಳಿಯ ಕೆಳಗಿನ ಕಿಂಡಿಯಲ್ಲಿ ನುಸುಳಿ ಆಚೆ ಹೋಗಬೇಕು. ಮೇಲಿನ ಬಡಾವಣೆಗಳ ನೀರೆಲ್ಲ ಬಂದು ಸೇರುವ ಹೊತ್ತಿಗೆ ಆ ಕಿಂಡಿ ಸಾಲುವುದಿಲ್ಲ. ನೀರು ಹಿಂದಕ್ಕೆ ತಿರುಗುತ್ತದೆ, ಮನೆಗೆ ನುಗ್ಗುತ್ತದೆ. ಆ ಕಿಂಡಿಯ ಅಗಲ ಗೊತ್ತಿಲ್ಲದ ಮಾಡೆಲ್ ಎಷ್ಟೇ ದೊಡ್ಡ ಕಂಪ್ಯೂಟರ್‌ನಲ್ಲಿ ಓಡಿದರೂ ಸಾಯಿ ಲೇಔಟ್ ಬಗ್ಗೆ ಸರಿಯಾಗಿ ಹೇಳಲಾರದು.

ನಾನು ಹೇಳಬೇಕು ಅಂತಿರುವುದು ಇಷ್ಟು. ಡೇಟಾ ಇಟ್ಟುಕೊಂಡು ಮುಂದಾಗುವುದನ್ನು ಹೇಳುವ ಕೆಲಸದಲ್ಲಿ ನಮ್ಮೂರಿಗೆ ಜಾಣ ಮಾಡೆಲ್‌ಗಳ ಕೊರತೆ ಇಲ್ಲ. ಅದನ್ನು ಮಾಡಬಲ್ಲ ಜನ ಇಲ್ಲೇ ಸಾವಿರಗಟ್ಟಲೆ ಇದ್ದಾರೆ. ಕೊರತೆ ಇರುವುದು ಎರಡು ಕಡೆ. ಹಿಂದೆ ನಿಜಕ್ಕೂ ಏನಾಯ್ತು ಅನ್ನುವುದನ್ನು ಸರಿಯಾಗಿ ಬರೆದಿಟ್ಟಿಲ್ಲ. ಮುನ್ಸೂಚನೆ ಬಂದ ಮೇಲೆ ಯಾರು ಏನು ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿಟ್ಟಿಲ್ಲ.

ಮಾಡೆಲ್ ಅಂದರೆ ಏನು ಅಂತ ಸರಳವಾಗಿ ನೋಡೋಣ. ಎರಡು ಕಾಲಂ ಇರುವ ಒಂದು ಪಟ್ಟಿ ಅಂದುಕೊಳ್ಳಿ. ಮೊದಲನೆಯದರಲ್ಲಿ ಮುಂಚೆ ಗೊತ್ತಿದ್ದ ವಿಷಯ: ಎಷ್ಟು ಮಳೆ ಬಿತ್ತು, ಎಷ್ಟು ಹೊತ್ತು ಬಿತ್ತು, ಹಿಂದಿನ ದಿನ ನೆಲ ಎಷ್ಟು ನೆನೆದಿತ್ತು, ಕಾಲುವೆಯಲ್ಲಿ ಆಗಲೇ ಎಷ್ಟು ನೀರಿತ್ತು. ಎರಡನೆಯದರಲ್ಲಿ ಆಮೇಲೆ ಆಗಿದ್ದು: ಆ ರಸ್ತೆಯಲ್ಲಿ ನೀರು ನಿಂತಿತೋ ಇಲ್ಲವೋ, ನಿಂತಿದ್ದರೆ ಎಷ್ಟು ಎತ್ತರ. ಇಂಥ ನೂರಾರು ಸಾಲುಗಳನ್ನು ನೋಡಿ ಮೊದಲ ಕಾಲಂನಿಂದ ಎರಡನೆಯದನ್ನು ಊಹಿಸಲು ಮಾಡೆಲ್ ಕಲಿಯುತ್ತದೆ. ಬ್ಯಾಂಕಿನ ಸಾಲದ ಮಾಡೆಲ್ ಇರಲಿ, ಕ್ಯಾಬ್ ಎಷ್ಟು ನಿಮಿಷಕ್ಕೆ ಬರುತ್ತದೆ ಅನ್ನುವ ಲೆಕ್ಕ ಇರಲಿ, ಒಳಗಿನ ಕೆಲಸ ಇದೇ.

ಮೊದಲ ಕಾಲಂ ವಿಷಯದಲ್ಲಿ ಕರ್ನಾಟಕ ತಲೆ ಎತ್ತಿ ನಿಲ್ಲಬಹುದು. 1988ರಲ್ಲಿ ಬರ ಪರಿಸ್ಥಿತಿ ಗಮನಿಸಲು ಶುರುವಾದ ಒಂದು ಚಿಕ್ಕ ಘಟಕ ಇವತ್ತು ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ಗ್ರಾಮ ಪಂಚಾಯಿತಿಗೊಂದರಂತೆ ಮಳೆ ಮಾಪಕಗಳನ್ನು ಇಟ್ಟಿದ್ದಾರೆ. ಅವು 15 ನಿಮಿಷಕ್ಕೊಮ್ಮೆ ತಾವಾಗಿಯೇ ಅಂಕಿ ಕಳಿಸುತ್ತವೆ. ಬೆಂಗಳೂರಿನ ಒಳಗೂ ಇಂಥ ಮಾಪಕಗಳಿವೆ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ನಗರದ ನೆರೆ ಲೆಕ್ಕ ಹಾಕುವ ಮಾಡೆಲ್ ಮಾಡಿದ್ದಾರೆ. 2020ರಲ್ಲಿ ಮೇಘ ಸಂದೇಶ ಅನ್ನುವ ಆ್ಯಪ್ ಕೂಡ ಬಂತು. ಇದು ಸಣ್ಣ ಸಾಧನೆ ಅಲ್ಲ. ಬೆಂಗಳೂರಿನ ಮಳೆಗೆ ಇಷ್ಟು ದಟ್ಟವಾದ ಜಾಲ ಬೇಕೇ ಬೇಕು. ಯಲಹಂಕದಲ್ಲಿ ಧೋ ಅಂತ ಸುರಿಯುವಾಗ ಬನಶಂಕರಿಯಲ್ಲಿ ಒಗೆದ ಬಟ್ಟೆ ಬಿಸಿಲಿಗೆ ಒಣಗುತ್ತಿರುತ್ತದೆ, ಅಲ್ವಾ?

ಎರಡನೇ ಕಾಲಂಗೆ ಬರೋಣ. ನೀರು ನಿಲ್ಲುವ ಜಾಗಗಳ ಪಟ್ಟಿ ಪಾಲಿಕೆಯವರ ಹತ್ತಿರ ಇದೆ, ಟ್ರಾಫಿಕ್ ಪೊಲೀಸರ ಹತ್ತಿರ ಇದೆ. ಪ್ರತಿ ವರ್ಷ ಪೇಪರ್‌ನಲ್ಲೂ ಬರುತ್ತದೆ. ಆದರೆ ಜಾಗದ ಪಟ್ಟಿ ಬೇರೆ, ಆಗಿದ್ದರ ದಾಖಲೆ ಬೇರೆ. ಮಾಡೆಲ್‌ಗೆ ಬೇಕಾದ ಸಾಲು ಹೀಗಿರಬೇಕು: ಇಂಥ ತಾರೀಕು, ಸಂಜೆ 6 ಗಂಟೆ 40 ನಿಮಿಷಕ್ಕೆ ಇಂಥ ಜಂಕ್ಷನ್‌ನಲ್ಲಿ ನೀರು ನಿಲ್ಲಲು ಶುರು, 7 ಗಂಟೆಗೆ ಬೈಕಿನ ಸೈಲೆನ್ಸರ್ ಮುಳುಗುವಷ್ಟು, 9 ಗಂಟೆಗೆ ಇಳಿಯಿತು, ಮೋರಿ ಬಾಯಿಗೆ ಪ್ಲಾಸ್ಟಿಕ್ ಕಟ್ಟಿಕೊಂಡಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಸಾಲು: ಇಂಥ ದಿನವೂ ಅಷ್ಟೇ ಮಳೆ ಬಂತು, ನೀರು ನಿಲ್ಲಲಿಲ್ಲ. ಈ ಎರಡನೇ ಥರದ ಸಾಲನ್ನು ಯಾರೂ ಬರೆಯುವುದಿಲ್ಲ, ಯಾಕೆಂದರೆ ಏನೂ ಆಗದ ದಿನ ಸುದ್ದಿಯಲ್ಲ. ಆದರೆ ಮುಳುಗಿದ ದಿನ ಮತ್ತು ಮುಳುಗದ ದಿನ ಪಕ್ಕಪಕ್ಕ ಇಲ್ಲದಿದ್ದರೆ ವ್ಯತ್ಯಾಸ ಕಲಿಯುವುದು ಹೇಗೆ?

ಸಾಮಾನ್ಯವಾಗಿ ಈ ಖಾಲಿ ಜಾಗವನ್ನು ದೂರುಗಳಿಂದ ತುಂಬುತ್ತಾರೆ. ಸಹಾಯವಾಣಿಗೆ ಬಂದ ಕರೆ, ಆ್ಯಪ್‌ನಲ್ಲಿ ಹಾಕಿದ ಫೋಟೋ, ಎಕ್ಸ್‌ನಲ್ಲಿ ಟ್ಯಾಗ್ ಮಾಡಿದ ಪೋಸ್ಟ್. ಕಂಪ್ಯೂಟರ್‌ಗೆ ಕೊಡಲು ಇದು ಸುಲಭ. ಆದರೆ ದೂರು ಕೊಡುವವರು ಯಾರು ಅಂತ ಸ್ವಲ್ಪ ಯೋಚಿಸಿ. ನಿವಾಸಿಗಳ ಸಂಘ ಗಟ್ಟಿಯಾಗಿರುವ ಬಡಾವಣೆಯಲ್ಲಿ ಅಂಗಳಕ್ಕೆ ನೀರು ಬಂದರೆ ಹತ್ತು ನಿಮಿಷದಲ್ಲಿ ಹತ್ತು ದೂರು ದಾಖಲಾಗುತ್ತವೆ. ರಾಜಕಾಲುವೆ ಪಕ್ಕದ ಶೀಟ್ ಮನೆಗಳಲ್ಲಿ ಮಂಚದ ಮಟ್ಟಕ್ಕೆ ನೀರು ಬಂದರೂ ಅಲ್ಲಿನವರು ಮೊದಲು ಮಕ್ಕಳನ್ನು, ರೇಷನ್ ಕಾರ್ಡನ್ನು, ಅಕ್ಕಿ ಡಬ್ಬವನ್ನು ಮೇಲಕ್ಕೆ ಎತ್ತಿಡುತ್ತಾರೆ. ಆ್ಯಪ್ ತೆರೆಯುವ ಹೊತ್ತು ಅದಲ್ಲ. ದೂರುಗಳಿಂದ ಕಲಿತ ಮಾಡೆಲ್ ಮುಂದಿನ ವರ್ಷ ಪಂಪ್‌ಸೆಟ್ ಎಲ್ಲಿಗೆ ಕಳಿಸು ಅನ್ನುತ್ತದೆ? ದೂರು ಜಾಸ್ತಿ ಇದ್ದ ಕಡೆಗೆ. ಅದು ನೀರನ್ನು ಊಹಿಸಲು ಕಲಿತಿಲ್ಲ, ದೂರನ್ನು ಊಹಿಸಲು ಕಲಿತಿದೆ.

ಇದು ಸುಮ್ನೆ ಹೇಳುವ ಭಯ ಅಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥದ್ದೇ ನಡೆದದ್ದನ್ನು 2019ರಲ್ಲಿ ಜಿಯಾದ್ ಓಬರ್‌ಮೇಯರ್ ಮತ್ತು ಜೊತೆಗಾರರು ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದರು. ಯಾವ ರೋಗಿಗೆ ವಿಶೇಷ ಆರೈಕೆ ಬೇಕು ಅಂತ ಹೇಳಬೇಕಿದ್ದ ಒಂದು ಮಾಡೆಲ್ ಅದು. ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಳೆಯುವುದು ಕಷ್ಟ ಅಂತ, ಆ ರೋಗಿಗೆ ಮುಂದೆ ಎಷ್ಟು ಖರ್ಚಾಗುತ್ತದೆ ಅನ್ನುವುದನ್ನು ಅದು ಊಹಿಸುತ್ತಿತ್ತು. ಕಪ್ಪು ಜನರಿಗೆ ಅಷ್ಟೇ ಕಾಯಿಲೆ ಇದ್ದರೂ ಆಸ್ಪತ್ರೆಗೆ ಹೋಗುವ ಅವಕಾಶ ಕಡಿಮೆ, ಹಾಗಾಗಿ ಖರ್ಚೂ ಕಡಿಮೆ. ಮಾಡೆಲ್ ಅವರನ್ನು ಆರೋಗ್ಯವಂತರು ಅಂದುಕೊಂಡಿತು. ಖರ್ಚಿನ ಬದಲು ಕಾಯಿಲೆಯನ್ನೇ ಲೆಕ್ಕ ಹಾಕಿದ್ದರೆ ವಿಶೇಷ ಆರೈಕೆಗೆ ಆಯ್ಕೆಯಾಗುವ ಕಪ್ಪು ರೋಗಿಗಳ ಪ್ರಮಾಣ ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ಮಾಡೆಲ್ ಬರೆದವರಿಗೆ ಕೆಟ್ಟ ಉದ್ದೇಶ ಇರಬೇಕಿರಲಿಲ್ಲ. ಎರಡನೇ ಕಾಲಂನಲ್ಲಿ ಏನು ಹಾಕಿದರು ಅನ್ನುವುದೊಂದೇ ಸಾಕಾಯಿತು.

ನಮ್ಮಲ್ಲಿ ಮೊಬೈಲ್‌ನಲ್ಲೇ ಸಾಲ ಕೊಡುವ ಮಾಡೆಲ್‌ಗಳಲ್ಲೂ ಇದೇ ರೀತಿಯ ತೊಡಕಿದೆ. ಸಾಲ ಸಿಕ್ಕವರು ತೀರಿಸಿದರೋ ಇಲ್ಲವೋ ಗೊತ್ತು. ಸಾಲ ಇಲ್ಲ ಅನ್ನಿಸಿಕೊಂಡ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳು ತೀರಿಸುತ್ತಿದ್ದಳೋ ಇಲ್ಲವೋ ಯಾವತ್ತೂ ಗೊತ್ತಾಗುವುದಿಲ್ಲ. ಅವಳ ಸಾಲು ಖಾಲಿಯೇ ಉಳಿಯುತ್ತದೆ.

ಬೆಂಗಳೂರಿಗೆ ಇನ್ನೊಂದು ವಿಶೇಷ ಕಷ್ಟ ಇದೆ. ಅಂಕಿಗಳನ್ನು ವಾರ್ಡ್ ಪ್ರಕಾರ ಇಡುತ್ತೇವೆ, ಆದರೆ ವಾರ್ಡೇ ನಿಲ್ಲುವುದಿಲ್ಲ. 198 ವಾರ್ಡ್ ಇತ್ತು. ಅದು 2022ರಲ್ಲಿ ಕಾಗದದ ಮೇಲೆ 243 ಆಯಿತು. 2023ರಲ್ಲಿ 225 ಆಯಿತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು, ಗಡಿಗಳು ಮತ್ತೆ ಬದಲಾದವು. ಹಳೇ ವಾರ್ಡಿನ ಡೆಂಗಿ ಪ್ರಕರಣಗಳನ್ನು ಹೊಸ ವಾರ್ಡಿನ ಜೊತೆ ಹೋಲಿಸುವುದು ಹೇಗೆ? ಅಂಕಿ ಇಡುವಾಗ ವಾರ್ಡ್ ಹೆಸರಿನ ಜೊತೆ ಜಿಪಿಎಸ್ ಗುರುತೂ ಇಟ್ಟಿದ್ದರೆ ಗಡಿ ಎಷ್ಟು ಸಲ ಬದಲಾದರೂ ತೊಂದರೆ ಇಲ್ಲ. ಇಟ್ಟಿಲ್ಲದಿದ್ದರೆ ಪ್ರತಿ ಸಲ ಇತಿಹಾಸ ಸೊನ್ನೆಯಿಂದ ಶುರು. ಜೊತೆಗೆ ಜನಸಂಖ್ಯೆ. ಕೊನೆಯ ಜನಗಣತಿ ಆಗಿದ್ದು 2011ರಲ್ಲಿ. ಆಗ ಪಾಲಿಕೆ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. ಸಾವಿರ ಜನಕ್ಕೆ ಎಷ್ಟು ಡೆಂಗಿ, ಎಷ್ಟು ನೀರು ಅನ್ನುವ ಲೆಕ್ಕಕ್ಕೆಲ್ಲ ಕೆಳಗೆ ಭಾಗಿಸುವ ಸಂಖ್ಯೆಯೇ ಅಂದಾಜು. ವರ್ತೂರು, ಸರ್ಜಾಪುರ ರಸ್ತೆ ಕಡೆ ಬೆಳೆದಿರುವ ರೀತಿ ನೋಡಿದರೆ ಆ ಅಂದಾಜು ಎಲ್ಲ ಕಡೆಗೂ ಒಂದೇ ಥರ ತಪ್ಪಿರಲಿಕ್ಕಿಲ್ಲ.

ಇನ್ನು ಮಾಡೆಲ್ ಸರಿ ಇದೆ ಅಂತ ನಂಬುವುದು ಯಾವಾಗ? ಇದಕ್ಕೆ ನಮ್ಮ ದೇಶದ ಮುಂಗಾರಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

1886ರಲ್ಲಿ ಆಗಿನ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರಿನ ಮುನ್ಸೂಚನೆ ಕೊಡಲು ಶುರು ಮಾಡಿದರು. ಅಲ್ಲಿಂದ ಇಲ್ಲಿವರೆಗೂ ನಾವು ಇಡೀ ಹಂಗಾಮಿನ ಮಳೆ ಊಹಿಸುತ್ತಲೇ ಇದ್ದೇವೆ. 1988ರಲ್ಲಿ ಹವಾಮಾನ ಇಲಾಖೆ 16 ಅಂಶಗಳ ಮಾಡೆಲ್ ತಂದಿತು. ವಸಂತ ಗೋವಾರೀಕರ್ ಮತ್ತು ಜೊತೆಗಾರರು ಕಟ್ಟಿದ ಮಾಡೆಲ್ ಅದು. ಸಮುದ್ರದ ಬಿಸಿ, ಹಿಮ, ಗಾಳಿಯ ಒತ್ತಡ ಹೀಗೆ 16 ಸೂಚನೆಗಳು. ವರ್ಷ ವರ್ಷವೂ ಮುಂಗಾರು ಪರವಾಗಿಲ್ಲ ಅಂತ ಹೇಳಿತು, ಬಹುತೇಕ ಹಾಗೆಯೇ ಆಯಿತು. ನಂಬಿಕೆ ಬೆಳೆಯಿತು. 2002ರಲ್ಲಿ ವಾಡಿಕೆಯ ಶೇ 101ರಷ್ಟು ಮಳೆ ಅಂತ ಹೇಳಿದರು. ಬಿದ್ದದ್ದು ಶೇ 81. ಜುಲೈ ತಿಂಗಳಲ್ಲಂತೂ ದೇಶಕ್ಕೆ ಬರಬೇಕಾದ ಮಳೆಯಲ್ಲಿ ಅರ್ಧದಷ್ಟು ಮಾತ್ರ ಬಂತು. ಕರ್ನಾಟಕ ಮೊದಲೇ ಬರದಲ್ಲಿತ್ತು. ಆ ವರ್ಷ ಕಾವೇರಿ ವಿವಾದ ಬೀದಿಗೆ ಬಂದದ್ದು, ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟದ್ದು ಹಲವರಿಗೆ ನೆನಪಿರಬಹುದು.

ಮಾಡೆಲ್ ಎಲ್ಲಿ ಎಡವಿತು? ವಿಷಯ ಇಷ್ಟೇ. ಮುಂಗಾರು ವರ್ಷಕ್ಕೆ ಒಂದೇ ಸಲ ಬರುತ್ತದೆ. ನೂರು ವರ್ಷದ ದಾಖಲೆ ಅಂದರೆ ಕೇವಲ ನೂರು ಸಾಲು. ಅಷ್ಟು ಕಡಿಮೆ ಸಾಲಿಗೆ 16 ಅಂಶ ಜೋಡಿಸಿದರೆ ಹಳೆಯ ವರ್ಷಗಳಿಗೆಲ್ಲ ಚೆನ್ನಾಗಿ ಹೊಂದುವ ಸೂತ್ರ ಸಿಕ್ಕೇ ಸಿಗುತ್ತದೆ. ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದ ಎಸ್‌ಎಸ್‌ಎಲ್‌ಸಿ ಹುಡುಗ ಅದೇ ಪ್ರಶ್ನೆಗಳಿಗೆ ನೂರಕ್ಕೆ ನೂರು ತೆಗೆದ ಹಾಗೆ. ಕಾಕತಾಳೀಯವಾಗಿ ಹೊಂದಿದ್ದು ಯಾವುದು, ನಿಜವಾದ ಸಂಬಂಧ ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಹವಾಮಾನ ವಿಜ್ಞಾನಿಗಳಾದ ಟಿಮೊಥಿ ಡೆಲ್‌ಸೋಲ್ ಮತ್ತು ಜಗದೀಶ್ ಶುಕ್ಲ 2002ರಲ್ಲೇ ತೋರಿಸಿದ್ದರು: ಎರಡು ಮೂರು ಅಂಶ ಇಟ್ಟುಕೊಂಡ ಸರಳ ಮಾಡೆಲ್‌ಗಳು, ಜಾಸ್ತಿ ಅಂಶ ತುಂಬಿದ ಮಾಡೆಲ್‌ಗಳಿಗಿಂತ ಸಾಮಾನ್ಯವಾಗಿ ಚೆನ್ನಾಗಿ ಊಹಿಸುತ್ತವೆ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು ಅನ್ನಿಸುತ್ತದೆ. 1988ರಿಂದ 2001ರವರೆಗೆ ದೇಶದ ಮಟ್ಟದಲ್ಲಿ ಬರದ ಮುಂಗಾರು ಬರಲೇ ಇಲ್ಲ. ಆ ವರ್ಷಗಳಲ್ಲಿ ಯಾವ ಲೆಕ್ಕವನ್ನೂ ಹಾಕದೆ "ಈ ವರ್ಷ ಬರ ಇಲ್ಲ" ಅಂತ ಪ್ರತಿ ಸಲ ಹೇಳುತ್ತಾ ಬಂದವರೂ ಒಂದು ಸಲವೂ ತಪ್ಪುತ್ತಿರಲಿಲ್ಲ. ಹಾಗಾದರೆ ಮಾಡೆಲ್‌ನ ಗೆಲುವಿನಲ್ಲಿ ಜಾಣತನ ಎಷ್ಟು, ಕಾಲದ ಕೃಪೆ ಎಷ್ಟು? ಇದನ್ನು ನಿಷ್ಠುರವಾಗಿ ಕೇಳಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್. ಅವರು ಎಂ. ರಾಜೀವನ್ ಮತ್ತು ರವಿ ನಂಜುಂಡಯ್ಯ ಜೊತೆ 2005ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಹಳೆಯ ಮುನ್ಸೂಚನೆಗಳನ್ನೆಲ್ಲ ನಿಜವಾದ ಮಳೆಯ ಪಕ್ಕ ಇಟ್ಟು ನೋಡಿದರು. ಮಾಡೆಲ್ ಮತ್ತೆ ಮತ್ತೆ ಬದಲಾದರೂ ಏಳು ದಶಕಗಳಲ್ಲಿ ಮುನ್ಸೂಚನೆಯ ಗುಣ ಸುಧಾರಿಸಿಲ್ಲ ಅನ್ನುವುದು ಅವರಿಗೆ ಕಂಡದ್ದು. ಅವರು ಇದನ್ನು ಹೇಳಲು ಸಾಧ್ಯವಾದದ್ದು ಹೇಗೆ? ಹವಾಮಾನ ಇಲಾಖೆ ತಾನು ಏನು ಹೇಳಿದ್ದೆ ಅನ್ನುವುದನ್ನೂ ಏನು ಮಳೆ ಬಿತ್ತು ಅನ್ನುವುದನ್ನೂ ದಶಕಗಟ್ಟಲೆ ಬರೆದಿಟ್ಟಿತ್ತು. ಸೋತದ್ದು ಗೊತ್ತಾದ ಮೇಲೆ 2003ರಲ್ಲೇ 16 ಅಂಶಗಳ ಮಾಡೆಲ್ ಬಿಟ್ಟು ಹೊಸದಕ್ಕೆ ಹೋದರು. ಬರೆದಿಟ್ಟಿದ್ದಕ್ಕೇ ತಿದ್ದಿಕೊಳ್ಳಲು ಆಯಿತು. ಈ ಮಟ್ಟದ ಪ್ರಾಮಾಣಿಕ ದಾಖಲೆ ಬೆಂಗಳೂರಿನ ರಸ್ತೆ, ಮೋರಿ, ಟ್ಯಾಂಕರ್ ವಿಷಯದಲ್ಲಿ ಬಂದರೆ ಅದಕ್ಕಿಂತ ಹೆಚ್ಚು ಸಂತೋಷ ನನಗೆ ಬೇರೆ ಇಲ್ಲ.

ಹಾಗಾಗಿ ಯಾರಾದರೂ "ನಮ್ಮ ಮಾಡೆಲ್ ಶೇ 95 ಸರಿ" ಅಂದರೆ ತಲೆಯಾಡಿಸುವ ಮೊದಲು ಒಂದು ಲೆಕ್ಕ ಮಾಡಿ. ಒಂದು ಅಂಡರ್‌ಪಾಸ್ ವರ್ಷಕ್ಕೆ 5 ದಿನ ಮುಳುಗುತ್ತದೆ ಅಂದುಕೊಳ್ಳಿ. "ಇದು ಯಾವತ್ತೂ ಮುಳುಗುವುದಿಲ್ಲ" ಅಂತ ದಿನಾ ಹೇಳುವ ಮಾಡೆಲ್ 365 ದಿನದಲ್ಲಿ 360 ದಿನ ಸರಿ. ಅಂದರೆ ಶೇ 98.6. ಆದರೆ ಬೇಕಾದ ಐದು ದಿನವೂ ಅದು ಕೈಕೊಟ್ಟಿತು. ಅಪರೂಪಕ್ಕೆ ಆಗುವ ಅನಾಹುತಗಳ ವಿಷಯದಲ್ಲಿ ಒಟ್ಟು ಎಷ್ಟು ಪರ್ಸೆಂಟ್ ಸರಿ ಅನ್ನುವ ಅಂಕಿಗೆ ಬೆಲೆಯೇ ಇಲ್ಲ. ಕೇಳಬೇಕಾದ್ದು ಎರಡು ಪ್ರಶ್ನೆ. ಮುಳುಗಿದ ಐದು ದಿನದಲ್ಲಿ ಎಷ್ಟನ್ನು ಮೊದಲೇ ಹೇಳಿತು? ಅದು ಎಚ್ಚರಿಸಿದ ದಿನಗಳಲ್ಲಿ ಎಷ್ಟು ದಿನ ನಿಜವಾಗಿ ಮುಳುಗಿತು?

ಈ ಎರಡೂ ಒಟ್ಟಿಗೆ ಚೆನ್ನಾಗಿರುವುದು ಕಷ್ಟ. ಒಂದು ದಿನವೂ ತಪ್ಪಬಾರದು ಅಂದರೆ ಸುಳ್ಳು ಎಚ್ಚರಿಕೆ ಜಾಸ್ತಿ ಆಗುತ್ತದೆ. ಸುಳ್ಳು ಎಚ್ಚರಿಕೆ ಬೇಡ ಅಂದರೆ ನಿಜವಾದ ಅಪಾಯ ಕೈತಪ್ಪುತ್ತದೆ. ಎಲ್ಲಿ ಗೆರೆ ಎಳೆಯಬೇಕು ಅಂತ ಹೇಳುವುದು ಮಾಡೆಲ್‌ನ ಕೆಲಸವೇ ಅಲ್ಲ. ಅದು ನಮ್ಮ ಕೆಲಸ, ನಷ್ಟದ ಲೆಕ್ಕದ ಮೇಲೆ ಮಾಡಬೇಕಾದದ್ದು.

2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನಿಂತ ಮಳೆನೀರಿಗೆ ಕಾರು ಸಿಕ್ಕಿಕೊಂಡು ಒಬ್ಬ ಯುವತಿ ಸತ್ತಳು. ವಿಧಾನಸೌಧದಿಂದ ಕೂಗಳತೆ ದೂರ. ಅಲ್ಲಿ ಸುಮ್ಮನೆ ಒಂದು ಲೆಕ್ಕ ಇಟ್ಟು ನೋಡೋಣ. ಅಂಡರ್‌ಪಾಸನ್ನು ಒಂದು ಗಂಟೆ ಮುಚ್ಚಿದರೆ ಆಗುವ ತೊಂದರೆ 1 ಅಂತ ಇಟ್ಟುಕೊಳ್ಳಿ. ಮುಚ್ಚದೆ ಅನಾಹುತ ಆದರೆ ಆಗುವ ನಷ್ಟ ಅದರ 50 ಪಟ್ಟು ಅಂತ ಇಟ್ಟುಕೊಳ್ಳಿ, ಜೀವಕ್ಕೆ ಅಷ್ಟು ಕಡಿಮೆ ಬೆಲೆ ಕಟ್ಟುವುದೇ ತಪ್ಪು, ಆದರೂ ಲೆಕ್ಕಕ್ಕೆ ಇರಲಿ. ಆಗ ಅಪಾಯದ ಸಾಧ್ಯತೆ 50ರಲ್ಲಿ 1, ಅಂದರೆ ಶೇ 2 ದಾಟಿದ ಕೂಡಲೇ ಮುಚ್ಚುವುದು ಲಾಭ. ಶೇ 2! ನೂರು ಸಲ ಮುಚ್ಚಿದರೆ 98 ಸಲ ಸುಮ್ನೆ ಮುಚ್ಚಿದ್ದಾಗುತ್ತದೆ, ಜನ ಹಾರ್ನ್ ಹೊಡೆದು ಬೈಯುತ್ತಾರೆ. ಆದರೂ ಮುಚ್ಚಿದ್ದೇ ಸರಿ. ಈ ಗೆರೆಯನ್ನು ಮಳೆ ಇಲ್ಲದ ದಿನ ಕೂತು ತೀರ್ಮಾನಿಸಿ ಬರೆದಿಟ್ಟಿರಬೇಕು. ಮಳೆ ಸುರಿಯುವಾಗ, ಹಿಂದೆ ನೂರು ಗಾಡಿ ನಿಂತಿರುವಾಗ, ಒಬ್ಬ ಕಾನ್‌ಸ್ಟೆಬಲ್ ತಲೆ ಮೇಲೆ ಆ ಭಾರ ಹಾಕುವುದು ಅನ್ಯಾಯ. ಅಂಡರ್‌ಪಾಸಿಗೆ ದೊಡ್ಡ ಎಐ ಕೂಡ ಬೇಕಿಲ್ಲ. ನೀರಿನ ಮಟ್ಟ ಅಳೆಯುವ ಒಂದು ಸೆನ್ಸರ್, ಅದು ಗೆರೆ ದಾಟಿದರೆ ತಾನೇ ಬೀಳುವ ಒಂದು ಗೇಟ್, ಅಷ್ಟು ಸಾಕು.

ಮುನ್ಸೂಚನೆ ಕೇಳಿ ಕೆಲಸ ಮಾಡಿದರೆ ಇನ್ನೊಂದು ವಿಚಿತ್ರ ಆಗುತ್ತದೆ. ನೆರೆ ಬರುತ್ತದೆ ಅಂತ ಮಾಡೆಲ್ ಹೇಳಿತು, ಹಿಂದಿನ ದಿನ ಹೂಳು ಎತ್ತಿದರು, ನೆರೆ ಬರಲಿಲ್ಲ. ದಾಖಲೆಯಲ್ಲಿ ಮಾಡೆಲ್ ತಪ್ಪು ಅಂತ ಬೀಳುತ್ತದೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಮೊದಲೇ ಲಕ್ಷಾಂತರ ಜನರನ್ನು ಸಾಗಿಸಿದ್ದರಿಂದ ಸತ್ತವರು ಐವತ್ತಕ್ಕಿಂತ ಕಡಿಮೆ. ಸಾವು ಕಡಿಮೆ ಆಯಿತು ಅಂತ ಎಚ್ಚರಿಕೆ ಅತಿಯಾಯಿತು ಅನ್ನಲು ಆಗುತ್ತದೆಯೇ? ಅದಕ್ಕೇ ದಾಖಲೆಯಲ್ಲಿ ಮೂರನೇ ಕಾಲಂ ಕೂಡ ಬೇಕು: ಎಚ್ಚರಿಕೆ ಬಂದ ಮೇಲೆ ಯಾರು ಏನು ಮಾಡಿದರು.

2024ರ ಬೇಸಿಗೆಯ ನೀರಿನ ಪರದಾಟ ಈ ದೃಷ್ಟಿಯಿಂದ ತುಂಬಾ ಹೇಳುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. ಸೆಪ್ಟೆಂಬರ್‌ನಿಂದಲೇ ಬರ ಘೋಷಣೆ ಶುರುವಾಗಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತಾಯಿತು. ಅಂತರ್ಜಲದ ಮೇಲೇ ನಿಂತಿರುವ ಹೊರವಲಯದ ಬಡಾವಣೆಗಳಲ್ಲಿ ಮಾರ್ಚ್ ಹೊತ್ತಿಗೆ ಏನಾಗುತ್ತದೆ ಅಂತ ಹೇಳಲು ಯಾವ ಮಾಡೆಲ್ ಬೇಕಿತ್ತು? ಆರು ತಿಂಗಳ ಸಮಯ ಕೈಯಲ್ಲಿತ್ತು. ಆದರೆ ಟ್ಯಾಂಕರ್‌ಗಳು ನೋಂದಣಿ ಮಾಡಿಸಿಕೊಳ್ಳಬೇಕು ಅಂತ ಗಡುವು ಕೊಟ್ಟದ್ದು 2024ರ ಮಾರ್ಚ್‌ನಲ್ಲಿ. ದರ ನಿಗದಿ ಮಾಡಿದ್ದೂ ಆಗಲೇ: 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರ್‌ಗೆ 600 ರೂಪಾಯಿ, 12 ಸಾವಿರ ಲೀಟರ್‌ಗೆ 1,000 ರೂಪಾಯಿ. ಸುಮಾರು 14 ಸಾವಿರ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ಖಾಸಗಿ ಬೋರ್‌ವೆಲ್‌ಗಳ ಕಥೆ ಬಿಡಿ, ಎಷ್ಟಿವೆ, ಎಷ್ಟು ಆಳ, ದಿನಕ್ಕೆ ಎಷ್ಟು ನೀರು ಎತ್ತುತ್ತವೆ ಅನ್ನುವುದರ ಲೆಕ್ಕವೇ ಸರಿಯಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ತರಲು ದಾರಿಯಾಯಿತು. ಒಳ್ಳೆಯದೇ. ಆದರೆ ಮುಂದಿನ ಬರಗಾಲಕ್ಕೆ ಯಾವ ಬೀದಿ ಮೊದಲು ಒಣಗುತ್ತದೆ ಅಂತ ಹೇಳಬೇಕಾದರೆ ಟ್ಯಾಂಕರ್ ಯಾವ ಬೀದಿಗೆ ವಾರಕ್ಕೆ ಎಷ್ಟು ಸಲ ಹೋಯಿತು ಅನ್ನುವ ದಾಖಲೆ ಬೇಕು. ಅದರಲ್ಲೂ ಒಂದು ಎಚ್ಚರ: ಟ್ಯಾಂಕರ್ ತರಿಸಲು ದುಡ್ಡಿಲ್ಲದೆ ಬಿಂದಿಗೆ ಹಿಡಿದು ಕ್ಯೂ ನಿಂತವರು ಆ ದಾಖಲೆಯಲ್ಲೂ ಇರುವುದಿಲ್ಲ.

ಹೊಸ ಎಐ ಹವಾಮಾನ ಮಾಡೆಲ್‌ಗಳ ಬಗ್ಗೆ ನನಗೆ ನಿಜಕ್ಕೂ ಭರವಸೆ ಇದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಇಲಾಖೆ ಇಂಥ ಮಾಡೆಲ್‌ಗಳನ್ನು ಬಳಸಿ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮುಂಗಾರು ಯಾವಾಗ ಬರುತ್ತದೆ ಅಂತ ಮೆಸೇಜ್ ಕಳಿಸಿತು. ಇದರಲ್ಲಿ ನನಗೆ ಇಷ್ಟವಾದದ್ದು ಕೇಳಿದ ಪ್ರಶ್ನೆ. ರೈತನಿಗೆ ದೇಶದ ಒಟ್ಟು ಮಳೆ ಶೇ 101ರಷ್ಟೋ 96ರಷ್ಟೋ ಅನ್ನುವುದರಿಂದ ಏನೂ ಆಗಬೇಕಿಲ್ಲ. ಬಿತ್ತನೆ ಈ ವಾರವೋ ಇನ್ನೆರಡು ವಾರ ಬಿಟ್ಟೋ ಅನ್ನುವುದು ಅವನ ತಲೆಬಿಸಿ. ಸುಲೋಚನಾ ಗಾಡ್ಗೀಳ್ ಅವರು ವರ್ಷಗಳ ಹಿಂದೆಯೇ ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕೂತು ಬಿತ್ತನೆ ಸಮಯದ ಮೇಲೆ ಕೆಲಸ ಮಾಡಿದ್ದೂ ಇದೇ ಕಾರಣಕ್ಕೆ. ಮೊದಲು ನಿರ್ಧಾರ ಯಾವುದು ಅಂತ ಕೇಳಿ, ಆಮೇಲೆ ಮಾಡೆಲ್ ಕಟ್ಟು.

ಹವಾಮಾನ ಇಲಾಖೆಯೂ 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಶುರು ಮಾಡಿತು. ಹಿಂದೆ 12 ಕಿಲೋಮೀಟರ್ ಚೌಕಗಳಲ್ಲಿ ಹೇಳುತ್ತಿದ್ದದ್ದನ್ನು ಈಗ 6 ಕಿಲೋಮೀಟರ್ ಚೌಕಗಳಲ್ಲಿ ಹೇಳುತ್ತದೆ. ದೊಡ್ಡ ಹೆಜ್ಜೆ. ಆದರೆ 6 ಕಿಲೋಮೀಟರ್ ಚೌಕ ಅಂದರೆ 36 ಚದರ ಕಿಲೋಮೀಟರ್. ಹಲಸೂರು, ಇಂದಿರಾನಗರ, ದೊಮ್ಮಲೂರು ಎಲ್ಲ ಒಂದೇ ಚೌಕದೊಳಗೆ ಹಿಡಿಸುತ್ತವೆ. ಆ ಚೌಕದಿಂದ ಒಂದು ಬೀದಿಯ ಮೋರಿವರೆಗಿನ ದಾರಿ ಮೇಲಿನಿಂದ ಯಾರೂ ಹಾಕಿಕೊಡುವುದಿಲ್ಲ. ಹೆಬ್ಬಾಳ, ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಇಳಿಜಾರು, ಕಾಲುವೆ ಅಗಲ, ಒತ್ತುವರಿ, ಹೂಳು ಇವೆಲ್ಲ ಇಲ್ಲಿನವರೇ ಅಳೆಯಬೇಕು.

ಅಳೆದದ್ದು ಹಳತಾಗುವುದೂ ಬೇಗ. 2024ರ ಜೂನ್ 2ರಂದು ಬೆಂಗಳೂರಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳಿನ ಮಟ್ಟಿಗೆ ಅದು 1891ರ ದಾಖಲೆ ಮುರಿಯಿತು. 1891ರ ಮಳೆಗೆ ಇಲ್ಲಿ ಕೆರೆ ಇತ್ತು, ಗದ್ದೆ ಇತ್ತು, ಇಂಗಲು ಮಣ್ಣಿತ್ತು. ಇವತ್ತು ಅಷ್ಟೇ ಮಳೆ ಕಾಂಕ್ರೀಟ್ ಮೇಲೆ ಬಿದ್ದು ನಿಮಿಷಗಳಲ್ಲಿ ತಗ್ಗಿಗೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟು 1970ರ ದಶಕದಿಂದ ಈಚೆಗೆ ಊರು ಹೇಗೆ ಬದಲಾಯಿತು ಅಂತ ಲೆಕ್ಕ ಕೊಡುತ್ತಲೇ ಬಂದಿದೆ. ಹತ್ತು ವರ್ಷ ಹಿಂದಿನ ಬೆಳ್ಳಂದೂರಿನಿಂದ ಕಲಿತ ಮಾಡೆಲ್ ಇವತ್ತಿನ ಬೆಳ್ಳಂದೂರಿಗೆ ಹೊಂದುವುದಿಲ್ಲ. ಗೂಗಲ್‌ನಂಥ ಕಂಪನಿಯೂ ಇದರಲ್ಲಿ ಎಡವಿದೆ. ಜನ ಹುಡುಕುವ ಪದಗಳಿಂದ ಫ್ಲೂ ಜ್ವರ ಊಹಿಸಲು 2008ರಲ್ಲಿ ಶುರು ಮಾಡಿದರು. 2013ರ ಹೊತ್ತಿಗೆ ಅದು ಹೇಳಿದ್ದು ನಿಜಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಆಯಿತು. 2015ರಲ್ಲಿ ನಿಲ್ಲಿಸಿದರು. ಜನ ಹುಡುಕುವ ರೀತಿ ಬದಲಾಗಿತ್ತು, ಮಾಡೆಲ್ ಹಳೆಯದರಲ್ಲೇ ಇತ್ತು.

ಹೊಸ ಐದು ಪಾಲಿಕೆಗಳು ಈಗಷ್ಟೇ ತಮ್ಮ ವ್ಯವಸ್ಥೆ ಕಟ್ಟಿಕೊಳ್ಳುತ್ತಿವೆ. ಈ ಹೊತ್ತಿಗೆ ಕೇಳಬೇಕಾದ್ದು ಒಂದು ಚಿಕ್ಕ, ಬೇಸರ ತರಿಸುವ ಕೆಲಸ. ನೀರು ನಿಲ್ಲುವ ಪ್ರತಿ ಜಾಗದಲ್ಲಿ ಅಳತೆ ಗೆರೆ ಎಳೆದ ಒಂದು ಕಂಬ. ಮಳೆ ಬಂದ ಪ್ರತಿ ದಿನ, ಮುಳುಗಿದರೂ ಮುಳುಗದಿದ್ದರೂ, ಒಂದು ಸಾಲು ದಾಖಲೆ. ರಾಜಕಾಲುವೆ ಪಕ್ಕದ ಬೀದಿಗಳಲ್ಲಿ ದೂರಿಗೆ ಕಾಯದೆ ಪಾಲಿಕೆಯವರೇ ಹೋಗಿ ಬರೆದುಕೊಳ್ಳಬೇಕು. ಮಳೆಗೆ ಮೊದಲು ಮಾಡೆಲ್ ಏನು ಹೇಳಿತ್ತು ಅನ್ನುವುದನ್ನು ಅದರ ಪಕ್ಕದಲ್ಲೇ, ಆಮೇಲೆ ತಿದ್ದಲಾಗದ ಹಾಗೆ, ಎಲ್ಲರಿಗೂ ಕಾಣುವಂತೆ ಇಡಬೇಕು. "ಶೇ 30 ಸಾಧ್ಯತೆ" ಅಂದ ದಿನಗಳಲ್ಲಿ ನಿಜವಾಗಿ ನೂರಕ್ಕೆ ಮೂವತ್ತರಷ್ಟು ದಿನ ಮುಳುಗಿತೇ ಅಂತ ಪರೀಕ್ಷಿಸುವ ವಿಧಾನವನ್ನು ಗ್ಲೆನ್ ಬ್ರಿಯರ್ ಅನ್ನುವ ಹವಾಮಾನ ತಜ್ಞ 1950ರಲ್ಲೇ ಕೊಟ್ಟಿದ್ದಾರೆ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಮಾಡಬಹುದಾದ ಲೆಕ್ಕ ಅದು. 15 ನಿಮಿಷಕ್ಕೊಮ್ಮೆ ಬರುವ ಮಳೆ ಅಂಕಿ ಯಲಹಂಕದಲ್ಲಿ ಆಗಲೇ ಇದೆ. ಅದರ ಪಕ್ಕದ ಕಾಲಂ ತುಂಬಲು ಶುರು ಮಾಡಿದರೆ ಎರಡು ಮೂರು ಮಳೆಗಾಲದಲ್ಲಿ, ಇಷ್ಟು ಮಳೆಗೆ ಸಾಯಿ ಲೇಔಟ್‌ನ ಯಾವ ಅಡ್ಡರಸ್ತೆಗೆ ಎಷ್ಟು ಹೊತ್ತಿನಲ್ಲಿ ನೀರು ಬರುತ್ತದೆ ಅಂತ ಲೆಕ್ಕ ಹಾಕಲು ಬೇಕಾದ ಸಾಲುಗಳು ಕೈಗೆ ಸಿಗುತ್ತವೆ.